ಸ್ಟುಡಿಯೊ ಬೇಡ, ಬೀಗದ ಕೈ ಕೊಡಿಸಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ರಾಕ್ ತಂಡಗಳು ಮಹಾನಗರ ಪಾಲಿಕೆಯ ಮುಂದೆ 'ಅತ್ಯಾಧುನಿಕ ರೆಕಾರ್ಡಿಂಗ್ ಸ್ಟುಡಿಯೊ' ಬೇಡಿಕೆ ಇಟ್ಟಿವೆ ಎಂಬ ವರದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಅದಕ್ಕೆ ಓದುಗರು ಬರೆದ ಪತ್ರಗಳಲ್ಲಿ ಅರ್ಧದಷ್ಟು 'ಇದೆಲ್ಲ ಗಲಾಟೆ' ಎಂದರೆ, ಉಳಿದರ್ಧ 'ಬೇಕಾದರೆ ಬೆಂಗಳೂರಿಗೆ ಹೋಗಲಿ' ಎಂದವು. ನಮ್ಮ ತಕರಾರು ಎರಡೂ ಅಲ್ಲ. ಹುಡುಗರು ಕೇಳಿದ್ದೇ ತಪ್ಪು ವಸ್ತು. ಖಾಲಿ ಬಿದ್ದಿರುವ ಒಂದು ಗೋದಾಮಿನ ಬೀಗದ ಕೈ ಕೇಳಿದ್ದರೆ ಇಷ್ಟು ಹೊತ್ತಿಗೆ ಕೆಲಸ ಶುರುವಾಗಿರುತ್ತಿತ್ತು. ಪ್ರಯೋಗಶೀಲ ರಾಕ್ ನಮ್ಮ ದಾರಿ ಎನ್ನುವವರು ಆ ದಾರಿಯಲ್ಲಿ ಮೊದಲು ನಡೆದವರ ಪೈಕಿ ಒಂದು ತಂಡದ ಹನ್ನೊಂದು ವರ್ಷವನ್ನಾದರೂ ಗಮನವಿಟ್ಟು ನೋಡಬೇಕು. ಅದು ಜರ್ಮನಿಯ ಕಲೋನ್ ನಗರದ 'ಕ್ಯಾನ್'.

1968ರಲ್ಲಿ ಈ ತಂಡ ಕೂಡಿದಾಗ ಅದರಲ್ಲಿ ಹುಡುಗ ಅನ್ನಿಸಿಕೊಳ್ಳುವವರು ಒಬ್ಬರೇ, 20ರ ಹರೆಯದ ಗಿಟಾರ್ ವಾದಕ ಮಿಖಾಯೆಲ್ ಕರೋಲಿ. ಬೇಸ್ ಗಿಟಾರ್ ಹಿಡಿದ ಹೋಲ್ಗರ್ ಚುಕಾಯ್ ಕರೋಲಿಗೆ ಪಾಠ ಹೇಳಿದ್ದ ಮೇಷ್ಟ್ರು. ಕೀಬೋರ್ಡಿನ ಇರ್ಮಿನ್ ಶ್ಮಿಟ್ ವಾದ್ಯವೃಂದ ನಡೆಸಲು ತರಬೇತಾದವರು. ಚುಕಾಯ್, ಶ್ಮಿಟ್ ಇಬ್ಬರೂ ಆಧುನಿಕ ಸಂಗೀತದ ದೊಡ್ಡ ಹೆಸರಾದ ಸ್ಟಾಕ್‌ಹೌಸನ್ ಅವರ ಶಿಷ್ಯರು. ಡ್ರಮ್ಸ್‌ನ ಯಾಕಿ ಲೀಬೆಟ್ಸೈಟ್ ಆ ಹೊತ್ತಿಗಾಗಲೇ ತಾಳದ ಕಟ್ಟು ಮುರಿದ ಫ್ರೀ ಜಾಜ್‌ನಲ್ಲಿ ಹೆಸರು ಮಾಡಿ, ಅದು ಸಾಕಾಗಿ ಹೊರಬಂದಿದ್ದರು. ಕರೋಲಿಯನ್ನು ಬಿಟ್ಟರೆ ಎಲ್ಲರಿಗೂ ಮೂವತ್ತರ ಆಸುಪಾಸು. ಅಂದರೆ ಬಾರಿಸಲು ಬಾರದವರು ಕೂಡಿ ಗದ್ದಲ ಎಬ್ಬಿಸಿದ್ದಲ್ಲ. ಕಲಿತದ್ದನ್ನು ಪಕ್ಕಕ್ಕಿಟ್ಟು ನುಡಿಸಲು ಕೂತವರು ಅವರು. 'ಪ್ರಯೋಗ' ಎಂದೊಡನೆ ರಿಯಾಜು ಬೇಡ ಎಂದುಕೊಳ್ಳುವ ನಮ್ಮ ಕೆಲವು ತಂಡಗಳಿಗೂ, 'ಗಲಾಟೆ' ಎಂದು ಪತ್ರ ಬರೆದವರಿಗೂ ಈ ಮಾತು ಸಲ್ಲುತ್ತದೆ.

ಲೀಬೆಟ್ಸೈಟ್ ಅವರ ಬಡಿತದ ಗುಟ್ಟು ನಮ್ಮ ಕಡೆಯವರಿಗೆ ಬೇಗ ಹಿಡಿಸಬೇಕು. ಒಂದು ಆವರ್ತ ಹಿಡಿದರೆ ಹತ್ತು, ಹದಿನೈದು ನಿಮಿಷ ಅದನ್ನು ಬಿಡುವುದಿಲ್ಲ. ನಡುನಡುವೆ ಡ್ರಮ್ಸ್ ಉರುಳಿಸಿ ಚಪ್ಪಾಳೆ ಗಿಟ್ಟಿಸುವ ಆಟ ಇಲ್ಲ. ಬದಲಾಗುವುದು ಒತ್ತು ಮಾತ್ರ: ಈ ಸುತ್ತಿನಲ್ಲಿ ಮೂರನೇ ಪೆಟ್ಟು ತುಸು ಗಟ್ಟಿ, ಮುಂದಿನ ಸುತ್ತಿನಲ್ಲಿ ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ, ಅಂದರೆ ಹೈಹ್ಯಾಟ್, ಕೂದಲೆಳೆಯಷ್ಟು ತೆರೆದಿರುತ್ತದೆ. ಬೀರಪ್ಪನ ಗುಡಿ ಮುಂದೆ ಡೊಳ್ಳಿನವರು ಒಂದೇ ಮಟ್ಟನ್ನು ಹಿಡಿದು ಜನರನ್ನು ನಿಲ್ಲಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಾವಣಗೆರೆಯ ಡ್ರಮ್ಮರುಗಳು ಯೂಟ್ಯೂಬ್ ಪಾಠಕ್ಕಿಂತ ಮೊದಲು ಅಲ್ಲಿಗೆ ಹೋಗುವುದು ಮೇಲು.

ಈಗ ಕೋಣೆಯ ವಿಷಯ. ಕ್ಯಾನ್ ತಂಡಕ್ಕೆ ಮೊದಲು ಸಿಕ್ಕಿದ್ದು ಕಲೋನ್ ಬಳಿಯ ನೋರ್ವೆನಿಖ್ ಎಂಬಲ್ಲಿನ ಹಳೇ ಕೋಟೆಮನೆಯ ಒಂದು ಭಾಗ. ಅಲ್ಲಿ 2 ಟ್ರ್ಯಾಕಿನ (ಸದ್ದನ್ನು ಎರಡೇ ಸಾಲಿನಲ್ಲಿ ಹಿಡಿಯುವ) ಟೇಪ್ ಯಂತ್ರ, ಕೈಬೆರಳಲ್ಲಿ ಎಣಿಸುವಷ್ಟು ಮೈಕು, ಇಷ್ಟೇ ಸರಂಜಾಮು. ಎಲ್ಲರೂ ಒಟ್ಟಿಗೆ ನುಡಿಸುವುದು, ಯಂತ್ರ ಓಡುತ್ತಲೇ ಇರುವುದು, ಆಮೇಲೆ ಚುಕಾಯ್ ಬ್ಲೇಡು ಹಿಡಿದು ಟೇಪು ಕತ್ತರಿಸಿ ಅಂಟಿಸುವುದು. 1969ರ ಮೊದಲ ಆಲ್ಬಂ 'ಮಾನ್‌ಸ್ಟರ್ ಮೂವಿ' ಹುಟ್ಟಿದ್ದು ಹೀಗೆ. ಅದರ ಒಂದು ಬದಿಯನ್ನು ಪೂರ್ತಿ ತುಂಬಿರುವ 20 ನಿಮಿಷದ ಹಾಡು, ಸುಮಾರು 6 ಗಂಟೆ ನುಡಿಸಿದ್ದರಿಂದ ಉಳಿಸಿಕೊಂಡ ಭಾಗ. ಆ ಗ್ರಾಮಫೋನ್ ತಟ್ಟೆಯನ್ನು ಮೊದಲು ಅಚ್ಚು ಹಾಕಿಸಿದ್ದು ಕೇವಲ 500 ಪ್ರತಿ. ದೊಡ್ಡ ಕಂಪನಿ ಬಂದದ್ದು ಆಮೇಲೆ.

ಮೊದಲ ಗಾಯಕ ಮಾಲ್ಕಮ್ ಮೂನಿ ಅಮೆರಿಕಕ್ಕೆ ಮರಳಿದ ಮೇಲೆ, 1970ರಲ್ಲಿ ಮ್ಯೂನಿಕ್‌ನ ಬೀದಿಯಲ್ಲಿ ಹಾಡುತ್ತಿದ್ದ ಜಪಾನಿನ ಡಾಮೊ ಸುಜುಕಿ ಅವರನ್ನು ಚುಕಾಯ್ ಮತ್ತು ಲೀಬೆಟ್ಸೈಟ್ ಕಂಡು, ಅದೇ ರಾತ್ರಿ ವೇದಿಕೆಗೆ ಹತ್ತಿಸಿದರು. 1971ರ 'ಟಾಗೊ ಮಾಗೊ' ಎರಡು ತಟ್ಟೆಯ ಆಲ್ಬಂ, ಕೋಟೆಮನೆಯಲ್ಲೇ ಮುಗಿಯಿತು. ಅದೇ ವರ್ಷದ ಕೊನೆಗೆ ತಂಡ ಜಾಗ ಬದಲಿಸಿತು. ಹೋದದ್ದು ಎಲ್ಲಿಗೆ? ವೈಲರ್ಸ್‌ವಿಸ್ಟ್ ಎಂಬ ಸಣ್ಣ ಊರಿನ, ಪ್ರದರ್ಶನ ನಿಂತುಹೋಗಿದ್ದ ಸಿನಿಮಾ ಟಾಕೀಸಿಗೆ. ಗೋಡೆಗೆ ಹೊಡೆದದ್ದು ಸೇನೆಯ ಹಳೇ ಹಾಸಿಗೆಗಳನ್ನು. ಪ್ರತ್ಯೇಕ ಕಂಟ್ರೋಲ್ ರೂಮಿಲ್ಲ, ಗಾಜಿನ ಗೋಡೆಯಿಲ್ಲ. ನುಡಿಸುವವರೂ ಯಂತ್ರವೂ ಒಂದೇ ಹಜಾರದಲ್ಲಿ. ಈ ಜಾಗದ ಮಹತ್ವ ಎಷ್ಟೆಂದರೆ, 2007ರಲ್ಲಿ ಹಾಸಿಗೆಗಳ ಸಮೇತ ಅದನ್ನು ಕಳಚಿ ಗ್ರೋನಾವ್ ಎಂಬ ಊರಿನ ರಾಕ್ ಸಂಗ್ರಹಾಲಯಕ್ಕೆ ಒಯ್ದರು.

ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆ ಇದ್ದೇ ಇದೆ. ಸಿನಿಮಾ, ಟೀವಿಗೆ ಸಂಗೀತ ಮಾಡಿದ್ದರಿಂದ. ಒಂದು ಪತ್ತೇದಾರಿ ಟೀವಿ ಸರಣಿಗೆ ಕೊಟ್ಟ 'ಸ್ಪೂನ್' ಹಾಡು 1972ರಲ್ಲಿ ಜರ್ಮನಿಯ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತು. ಆ ಖುಷಿಗೆ ಫೆಬ್ರುವರಿಯಲ್ಲಿ ಕಲೋನಿನ ಕ್ರೀಡಾ ಸಭಾಂಗಣದಲ್ಲಿ ಪುಕ್ಕಟೆ ಕಛೇರಿ ಕೊಟ್ಟರು, ಸುಮಾರು 10,000 ಜನ ಸೇರಿದರು. ಅದೇ ವರ್ಷದ 'ಎಗೆ ಬಾಮ್ಯಾಸಿ' ಆಲ್ಬಮ್ಮಿನ ಹೊದಿಕೆ ಮೇಲೆ ಬೆಂಡೆಕಾಯಿ ಡಬ್ಬಿಯ ಚಿತ್ರವಿದೆ. ಅದರ ಕೆಲಸ ನಡೆಯುವಾಗ ಶ್ಮಿಟ್ ಮತ್ತು ಸುಜುಕಿ ಚದುರಂಗಕ್ಕೆ ಕೂತರೆ ಏಳುತ್ತಿರಲಿಲ್ಲವಂತೆ. ಕೊನೆಗೆ ಹಾಡು ಸಾಲದೆ, ಆಗಲೇ ಹಿಟ್ ಆಗಿದ್ದ 'ಸ್ಪೂನ್' ಅನ್ನೇ ಸೇರಿಸಿ ತಟ್ಟೆ ತುಂಬಿಸಿದರು. ಸ್ವಂತ ಕೋಣೆ ಇದ್ದರೆ ಸೋಮಾರಿತನಕ್ಕೂ ಜಾಗ ಸಿಗುತ್ತದೆ ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಆದರೆ ಗಂಟೆ ಲೆಕ್ಕದ ಬಾಡಿಗೆ ಸ್ಟುಡಿಯೊದಲ್ಲಿ 6 ಗಂಟೆ ನುಡಿಸಿ 20 ನಿಮಿಷ ಉಳಿಸಿಕೊಳ್ಳುವ ಧೈರ್ಯ ಯಾರಿಗಿದೆ?

ಮುಂದಿನದು ನಮ್ಮ ವಾದದ ಮುಖ್ಯ ಭಾಗ. 1973ರಲ್ಲಿ ಸುಜುಕಿ ಹೊರನಡೆದರು. 1975ರ ಹೊತ್ತಿಗೆ 16 ಟ್ರ್ಯಾಕಿನ ಯಂತ್ರ ಬಂತು. ಅಲ್ಲಿಯವರೆಗೆ ಒಬ್ಬ ತಪ್ಪಿದರೆ ಎಲ್ಲರೂ ತಪ್ಪಿದಂತೆ. ಹಾಗಾಗಿ ನಾಲ್ವರೂ ಕಿವಿ ನಿಮಿರಿಸಿಕೊಂಡೇ ನುಡಿಸಬೇಕಿತ್ತು. 16 ಟ್ರ್ಯಾಕ್ ಬಂದ ಮೇಲೆ ಒಬ್ಬೊಬ್ಬರೇ ಬಂದು ತಮ್ಮ ಪಾಲು ತುಂಬಿಸಿ ಹೋಗಬಹುದಾಯಿತು. ತಂಡದ ಆಟ ಕೆಟ್ಟಿದ್ದು ಅಲ್ಲಿಂದ ಎಂದು ಚುಕಾಯ್ ಅವರೇ ಹೇಳಿಕೊಂಡಿದ್ದಾರೆ. 1976ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದು ಹಾಡು 26ನೇ ಸ್ಥಾನ ಕಂಡಿತು, ನಿಜ. ಆದರೆ 1977ರಲ್ಲಿ ಬೇಸ್‌ಗೆ ರೋಸ್ಕೊ ಗೀ ಬಂದರು, ಚುಕಾಯ್ ಶಾರ್ಟ್‌ವೇವ್ ರೇಡಿಯೊ ಮತ್ತು ಟೇಪುಗಳತ್ತ ಸರಿದು ಕೊನೆಗೆ ಹೊರಗೇ ಹೋದರು, 1979ಕ್ಕೆ ತಂಡ ನಿಂತಿತು. 1986ರಲ್ಲಿ ಮೂನಿ ಸಮೇತ ಮತ್ತೆ ಕೂಡಿ ಮಾಡಿದ ಒಂದು ಆಲ್ಬಂ 1989ರಲ್ಲಿ ಬಂತು, ಅಷ್ಟೇ. ಇಂದಿಗೂ ಲೋಕ ಹುಡುಕಿಕೊಂಡು ಕೇಳುವುದು 2 ಟ್ರ್ಯಾಕಿನ ಕಾಲದ್ದನ್ನು. ಪಾಲಿಕೆ ಈಗ 'ಅತ್ಯಾಧುನಿಕ' ಎಂದು ಟೆಂಡರ್ ಕರೆದರೆ ಹುಡುಗರಿಗೆ ಸಿಗುವುದು ಆ 16 ಟ್ರ್ಯಾಕಿನ ಯಂತ್ರವೇ.

ಹಾಗಾದರೆ ದಾವಣಗೆರೆಯಲ್ಲಿ ಏನು ಮಾಡಬೇಕು? ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಗಿರಣಿಗಳು ಬಾಗಿಲು ಹಾಕಿದ ಮೇಲೆ ಗೋದಾಮುಗಳನ್ನು ಖಾಲಿ ಬಿಟ್ಟುಕೊಂಡ ಊರು ಇದು. ಟಾಕೀಸುಗಳೂ ಒಂದೊಂದಾಗಿ ಮುಚ್ಚಿವೆ. ಜಾಗ ಆರಿಸುವಾಗ ಮೊದಲು ತಲೆ ಎತ್ತಿ ಸೂರು ನೋಡಬೇಕು. ತಗಡು ಅಥವಾ ಸಿಮೆಂಟ್ ಶೀಟಿನದಾದರೆ ಬಿಟ್ಟುಬಿಡಿ. ಗೋಡೆ ಎಷ್ಟೇ ದಪ್ಪವಿದ್ದರೂ ಸದ್ದೆಲ್ಲ ಮೇಲಿನಿಂದ ಹೋಗುತ್ತದೆ, ಮಳೆ ಬಂದಾಗ ಮಳೆಯ ಸದ್ದು ಒಳಗೆ ಬರುತ್ತದೆ. ಆರ್‌ಸಿಸಿ ಸೂರು, 9 ಇಂಚಿನ ಇಟ್ಟಿಗೆ ಗೋಡೆ ಬೇಕು. ಕೋಣೆ ಚೌಕವಾಗಿರಬಾರದು. ಉದ್ದ, ಅಗಲ, ಎತ್ತರ ಸಮವಾದಷ್ಟೂ ಒಂದೇ ಸ್ವರ ಮೂರೂ ದಿಕ್ಕಿನಿಂದ ಮೊಳಗಿ ಉಳಿದದ್ದನ್ನು ನುಂಗುತ್ತದೆ. 3 ಮೀಟರ್ ಎತ್ತರ, 4.2 ಅಗಲ, 5.7 ಉದ್ದ ಒಳ್ಳೆಯ ಅಳತೆ.

ಇಂಥ ಬರಿಗೋಡೆಯ ಕೋಣೆಯಲ್ಲಿ ಒಂದು ಚಪ್ಪಾಳೆಯ ಸದ್ದು ಅಡಗಲು ಲೆಕ್ಕದ ಪ್ರಕಾರ ಸುಮಾರು ಮೂರೂವರೆ ಸೆಕೆಂಡ್ ಬೇಕು. ಡ್ರಮ್ಸ್ ಬಾರಿಸಿದರೆ ಕಲಸುಮೇಲೋಗರ. 6 ಅಡಿಗೆ 3 ಅಡಿಯ, 4 ಇಂಚು ದಪ್ಪದ 18 ಹತ್ತಿ ಹಾಸಿಗೆ ಹೊಡೆದರೆ ಸುಮಾರು 30 ಚದರ ಮೀಟರ್ ಮುಚ್ಚುತ್ತದೆ, ಮಧ್ಯಮ ಸ್ವರಗಳಲ್ಲಿ ಅನುರಣನ ಅರ್ಧ ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ನಮ್ಮ ತಂಡಗಳು ಗೋಡೆಗೆ ಅಂಟಿಸುವ ಮೊಟ್ಟೆ ತಟ್ಟೆಯಿಂದ ಇದರ ಕಾಲುಭಾಗವೂ ಆಗದು. ಅದು ತೀರಾ ಮೇಲಿನ ಸದ್ದನ್ನು ತುಸು ಚೆದುರಿಸುತ್ತದೆ, ಬೆಂಕಿಗೆ ಮಾತ್ರ ಒಳ್ಳೆಯ ಸೌದೆ. ಹಾಸಿಗೆಯನ್ನು ಗೋಡೆಗೆ ಒತ್ತಿ ಹೊಡೆಯದೆ, 4 ಇಂಚಿನ ಮರದ ರೀಪು ಕೊಟ್ಟು ಹಿಂದೆ ಗಾಳಿ ಬಿಡಿ. ಖರ್ಚಿಲ್ಲದೆ ಇನ್ನೊಂದು ಸ್ಥಾಯಿ ಕೆಳಗಿನವರೆಗೆ ಸದ್ದು ಹೀರುತ್ತದೆ. ಎದುರುಬದುರು ಗೋಡೆ ಎರಡೂ ಬರಿದಾಗಿ ಉಳಿಯಬಾರದು, ಉಳಿದರೆ ಚಪ್ಪಾಳೆಗೆ ಝಿರ್ರೆಂಬ ಮಾರ್ದನಿ ಬರುತ್ತದೆ.

ನದಾಫರಲ್ಲಿ ಹೊಲಿಸುವಾಗ ಎರಡು ಮಾತು ಹೇಳಿ. ಒಂದು, ಮಲಗುವ ಹಾಸಿಗೆಗೆ ಹಾಕುವುದಕ್ಕಿಂತ ಟಾಕು ಹತ್ತಿರ ಇರಲಿ, ಅರ್ಧ ಅಡಿಗೊಂದು. ಇಲ್ಲವಾದರೆ ನೇತುಹಾಕಿದ ಕೆಲವೇ ತಿಂಗಳಲ್ಲಿ ಹತ್ತಿಯೆಲ್ಲ ಬುಡಕ್ಕೆ ಜಾರಿ ಮೇಲರ್ಧ ಬರೀ ಬಟ್ಟೆಯಾಗುತ್ತದೆ. ಅದೇ ಕಾರಣಕ್ಕೆ ಹಾಸಿಗೆಯನ್ನು ಉದ್ದುದ್ದ ನಿಲ್ಲಿಸದೆ ಅಡ್ಡಡ್ಡ ಹೊಡೆಯಬೇಕು. ಎರಡು, 10 ಕಿಲೊ ಹತ್ತಿಗೆ 1 ಕಿಲೊ ಬೋರಿಕ್ ಪುಡಿಯನ್ನು ಹಿಂಜುವಾಗಲೇ ಬೆರೆಸಬೇಕು. ಹತ್ತಿ ಕಿಡಿ ಹಿಡಿದು ಒಳಗೊಳಗೇ ಹೊಗೆಯಾಡುವುದನ್ನು ಅದು ತಡೆಯುತ್ತದೆ, ಹುಳವೂ ಹತ್ತಿರ ಬಾರದು. ಬೆರೆಸುವವರಿಗೆ ಮುಖಗವಸು ಕೊಡಿ. ಹೀಗೆ ಮಾಡಿದ ಮೇಲೂ ಕೋಣೆಯಲ್ಲಿ ಬೀಡಿ, ಸಿಗರೇಟು, ಗಂಧದ ಕಡ್ಡಿ ಕೂಡದು.

ಹಾಸಿಗೆ ಕೆಳಸ್ವರಕ್ಕೆ ಏನೂ ಮಾಡುವುದಿಲ್ಲ. ಬೇಸ್‌ನ ದಪ್ಪ ತಂತಿಯ ಬಿಡಿ ಸ್ವರ 41 ಹರ್ಟ್ಜ್, ಅದರ ಅಲೆಯ ಉದ್ದ 8 ಮೀಟರಿಗೂ ಮಿಗಿಲು. ಇಲ್ಲೊಂದು ಗುಂಡಿ ಇದೆ: 4.2 ಮೀಟರ್ ಅಗಲದ ಕೋಣೆ ತಾನಾಗಿ ಮೊಳಗುವುದೂ ಸರಿಯಾಗಿ 41ಕ್ಕೇ. ಆಂಪ್ಲಿಫೈಯರ್ (ಆಂಪ್) ಅನ್ನು ಅಗಲದ ಯಾವುದೇ ತುದಿಯ ಗೋಡೆಗೆ ಒತ್ತಿ ಇಟ್ಟರೆ ಆ ಒಂದು ಸ್ವರ ಗುಮ್ಮೆಂದು ಎದ್ದು ಮಿಕ್ಕವು ಸಪ್ಪೆಯಾಗುತ್ತವೆ. 'ಬೇಸ್ ಸರಿ ಇಲ್ಲ, ಹೊಸದು ತರಬೇಕು' ಎಂದು ಹಣ ಸುರಿಯುವುದು ಇಲ್ಲಿಯೇ. ಆಂಪನ್ನು ಅಗಲದ ನಟ್ಟನಡುವಿಗೆ ಸರಿಸಿದರೆ ಕೋಣೆಗೆ ಆ ಸ್ವರವನ್ನು ಕೆರಳಿಸಲು ಆಗುವುದಿಲ್ಲ. ಜೊತೆಗೆ ನಾಲ್ಕು ಮೂಲೆಗೆ ನೆಲದಿಂದ ಸೂರಿನವರೆಗೆ, 2 ಅಡಿ ದಪ್ಪಕ್ಕೆ, ಸಡಿಲವಾಗಿ ಹತ್ತಿ ತುಂಬಿದ ಚೀಲಗಳನ್ನು ಪೇರಿಸಿ.

ಹಾಸಿಗೆ ಹೊಡೆದರೆ ನೆರೆಯವರಿಗೆ ಸದ್ದು ಕೇಳುವುದಿಲ್ಲ ಎಂಬ ನಂಬಿಕೆಯೂ ತಪ್ಪು. ಹಾಸಿಗೆ ಒಳಗಿನ ಮಾರ್ದನಿ ಹೀರುತ್ತದೆ, ಹೊರಗೆ ಹೋಗುವುದನ್ನು ತಡೆಯುವುದು ಗೋಡೆಯ ತೂಕ ಮತ್ತು ಬಿರುಕಿಲ್ಲದ ಬಾಗಿಲು. ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಗದು. ಹಳೇ ಗೋದಾಮಿನ ವೆಂಟಿಲೇಟರ್ ಒಂದೇ ಸಾಕು ಎಲ್ಲ ಹಾಳುಮಾಡಲು. ಒಳಗೆ ಡ್ರಮ್ಸ್ 105 ಇದ್ದರೆ ಹೊರಗೆ 85. ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ವೆಂಟಿಲೇಟರನ್ನು ಇಟ್ಟಿಗೆ ಹಾಕಿ ಮುಚ್ಚಿ, ಬಾಗಿಲ ನಾಲ್ಕೂ ಅಂಚಿಗೆ ರಬ್ಬರ್ ಪಟ್ಟಿ ಕೊಡಿ, ಗಾಳಿಗೆ ಎರಡು ಬಾರಿ ತಿರುಗುವ, ಒಳಗೆ ಹತ್ತಿ ಹೊದಿಸಿದ ಮರದ ಡಕ್ಟ್ ಮಾಡಿಸಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಗಾಳಿಯಿಲ್ಲದ ಹತ್ತಿ ಕೋಣೆಗೆ ಐದು ಜನ ಹೋದರೆ ಅರ್ಧ ಗಂಟೆಗೆ ಶ್ರುತಿಯೂ ಇಳಿಯುತ್ತದೆ, ಜನರೂ.

ಕರೆಂಟಿನ ವಿಷಯದಲ್ಲಿ ಹುಡುಗಾಟ ಬೇಡ. ಆಂಪ್, ಮಿಕ್ಸರ್, ಕಂಪ್ಯೂಟರ್ ಎಲ್ಲಕ್ಕೂ ಒಂದೇ ಫೇಸ್, ಒಂದೇ ಅರ್ಥಿಂಗ್ ಇರಬೇಕು. ಬೇರೆ ಬೇರೆ ಗೋಡೆಯ ಪಾಯಿಂಟಿನಿಂದ ಎಳೆದರೆ ಅರ್ಥ್ ಸುತ್ತು ಹಾಕಿ 50 ಹರ್ಟ್ಜ್ ಗುಂಯ್‌ಗುಡುತ್ತದೆ. ಅದು ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು ನಮ್ಮಲ್ಲಿ ಮಾಮೂಲು. ಗುಂಯ್ ನಿಲ್ಲುತ್ತದೆ, ಆದರೆ ಆಂಪಿನಲ್ಲಿ ದೋಷ ಬಂದರೆ ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದ ಗಾಯಕನ ಮೂಲಕ ಕರೆಂಟು ಹರಿಯುತ್ತದೆ. ಪಿನ್ ಮುರಿಯದೆ, ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಕೋಣೆಗೇ ಪ್ರತ್ಯೇಕವಾಗಿ ಇದ್ದಿಲು, ಉಪ್ಪು ಹಾಕಿದ ಅರ್ಥ್ ಗುಂಡಿ ತೆಗೆಸಿ ಬೇಸಿಗೆಯಲ್ಲಿ ನೀರು ಹುಯ್ಯುತ್ತಿರಿ, ಬೋರ್ಡಿಗೆ ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ರೆಕಾರ್ಡ್ ಮಾಡಬೇಡಿ, ಗಿಟಾರಿನ ಪಿಕಪ್ ಅದರ ಗುರುಗುರು ಅಷ್ಟನ್ನೂ ಹಿಡಿಯುತ್ತದೆ.

ರೆಕಾರ್ಡಿಂಗಿಗೆ ಎರಡು ಚಾನೆಲ್ ಸಾಕು. ಡ್ರಮ್ಸ್ ನೆತ್ತಿಯ ಮೇಲೆ 1 ಮೀಟರ್ ಎತ್ತರಕ್ಕೆ ಒಂದು ಮೈಕು, ಗಿಟಾರ್ ಮತ್ತು ಕೀಬೋರ್ಡ್ ಆಂಪುಗಳ ನಡುವೆ ಇನ್ನೊಂದು. ಒಂದು ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟಾದರೂ ಎರಡು ಮೈಕುಗಳ ನಡುವೆ ಇರಲಿ. ಹತ್ತಿರವಾದರೆ ಒಂದೇ ಸದ್ದು ಎರಡು ಸಲ, ಎರಡನೆಯದು ತುಸು ತಡವಾಗಿ, ಬಿದ್ದು ಟೊಳ್ಳಾಗುತ್ತದೆ. ಸರಿಯಿದೆಯೇ ಎಂದು ತಿಳಿಯಲು ಎರಡನ್ನೂ ಒಂದೇ ಚಾನೆಲ್ಲಿಗೆ ಬೆರೆಸಿ (ಮೊನೊ ಮಾಡಿ) ಕೇಳಿ: ಬೇಸ್ ಮಾಯವಾದರೆ ಮೈಕು ಸರಿಸಿ. ಹಾಡುವವರ ಸ್ಪೀಕರನ್ನು, ಮುಖ್ಯವಾಗಿ ಮುಂದಿನ ಸದ್ದನ್ನೇ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನಿಗೆ ನೇರ ಇಡಿ, ಕೂಗು ಏಳುವುದಿಲ್ಲ. ಗಿಟಾರ್ ಕೇಳುತ್ತಿಲ್ಲವೆಂದರೆ ಗಿಟಾರ್ ಏರಿಸದೆ ಉಳಿದವರು ಇಳಿಯಬೇಕು. ಕ್ಯಾನ್‌ನ ಹಳೇ ಧ್ವನಿಮುದ್ರಣಗಳಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಕೇಳುವುದು ಒಬ್ಬರಿಗೊಬ್ಬರು ಜಾಗ ಬಿಟ್ಟಿದ್ದರಿಂದ, ಮಿಕ್ಸರಿನ ಚಮತ್ಕಾರದಿಂದಲ್ಲ. ರೆಕಾರ್ಡಿಂಗ್ ಲೆವೆಲ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ.

ಆಗ ಸೆಕೆಂಡಿಗೆ 38 ಸೆಂಟಿಮೀಟರ್ ವೇಗದಲ್ಲಿ ಹತ್ತೂವರೆ ಇಂಚಿನ ಟೇಪು ಸುರುಳಿ 33 ನಿಮಿಷಕ್ಕೆ ಮುಗಿಯುತ್ತಿತ್ತು. ಈಗ 24 ಬಿಟ್, 48 ಕಿಲೊಹರ್ಟ್ಜ್‌ನಲ್ಲಿ ಎರಡು ಚಾನೆಲ್ಲಿಗೆ ಗಂಟೆಗೆ 1 ಜಿಬಿ ಚಿಲ್ಲರೆ. ಆರು ಗಂಟೆಗೂ ಒಂದು ಪೆನ್‌ಡ್ರೈವ್ ಸಾಕು. ಕಷ್ಟ ಇರುವುದು ಕತ್ತರಿಯಲ್ಲಿ. ಟೇಪನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದುದರಿಂದ ಎರಡು ತುಂಡುಗಳು ಸುಮಾರು 16 ಮಿಲಿಸೆಕೆಂಡ್ ಒಂದರೊಳಗೊಂದು ಕರಗುತ್ತಿದ್ದವು. ಕಂಪ್ಯೂಟರಿನಲ್ಲೂ ಅಷ್ಟೇ ಕ್ರಾಸ್‌ಫೇಡ್ ಕೊಡಿ, ಟಕ್ ಎನ್ನುವ ಸದ್ದು ಬರದು. ಕತ್ತರಿಸುವುದು ಕಿಕ್ ಡ್ರಮ್ ಪೆಟ್ಟಿಗೆ ಕೂದಲೆಳೆ ಮುಂಚೆ, ಸಿಂಬಲ್ ಮೊಳಗುತ್ತಿರುವಾಗ ಎಂದೂ ಅಲ್ಲ. ಬೇರೆ ಬೇರೆ ದಿನದ ತುಂಡು ಕೂಡಿಸಬೇಡಿ, ಶ್ರುತಿ ಮತ್ತು ಡ್ರಮ್ಸ್ ಚರ್ಮದ ಬಿಗಿ ಕೂಡುವುದಿಲ್ಲ. ಒಂದೇ ದಿನದ್ದಾದರೂ ಅರ್ಧ ಗಂಟೆಗೊಮ್ಮೆ ಶ್ರುತಿ ನೋಡಿಕೊಂಡಿರಬೇಕು. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ತಂತಿ ಮುಟ್ಟುವವರನ್ನು ಹೊರಗೆ ನಿಲ್ಲಿಸಿ. ಎಣ್ಣೆ, ಉಪ್ಪು ಸೇರಿದ ತಂತಿ ವಾರದಲ್ಲಿ ಮಂಕಾಗುತ್ತದೆ.

ಕತ್ತರಿ ಯಾರ ಕೈಯಲ್ಲಿ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ನಾಲ್ವರೂ ಮೌಸ್ ಹಿಡಿದರೆ ಪ್ರತಿಯೊಬ್ಬನೂ ತನ್ನ ಭಾಗ ಉಳಿಸಿಕೊಳ್ಳುತ್ತಾನೆ, 6 ಗಂಟೆ 5 ಗಂಟೆಯಾಗುತ್ತದೆ ಅಷ್ಟೇ. ಕ್ಯಾನ್‌ನಲ್ಲಿ ಆ ಕೆಲಸ ಚುಕಾಯ್ ಅವರದು. ಹಣಕಾಸು, ಕಛೇರಿ, ಒಪ್ಪಂದ ನೋಡಿಕೊಂಡದ್ದು ಶ್ಮಿಟ್ ಅವರ ಪತ್ನಿ ಹಿಲ್ಡೆಗಾರ್ಡ್. ಹಳೇ ಧ್ವನಿಮುದ್ರಣಗಳ ಹಕ್ಕು ಚದುರದೆ ಉಳಿಯಲು ಅವರು ಕಟ್ಟಿದ ಕಂಪನಿಯೇ ಕಾರಣ. 2012ರಲ್ಲಿ ಆ ಟೇಪುಗಳ ರಾಶಿಯಿಂದ ಅದುವರೆಗೆ ಬಿಡುಗಡೆಯಾಗದ ಸಂಗೀತವನ್ನು 3 ಸಿ.ಡಿ.ಗಳಷ್ಟು ಹೊರತೆಗೆಯಲು ಸಾಧ್ಯವಾಯಿತು. ಎಲ್ಲ ಫೈಲಿಗೂ ದಿನಾಂಕ ಹಾಕಿ ಎರಡು ಡಿಸ್ಕಿನಲ್ಲಿ ಇಡಿ, ಮೊಬೈಲಿನಲ್ಲಿ ಅಲ್ಲ.

ಇದೆಲ್ಲ ನಮ್ಮ ಊರಿಗೆ ಪರಕೀಯವೇನಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ವೃತ್ತಿ ಕಂಪನಿಗಳೂ ಒಂದೇ ಸೂರಿನಡಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕಿಯೇ ನಾಟಕ ಕಟ್ಟುತ್ತಿದ್ದವು.

ಆದ್ದರಿಂದ ಪಾಲಿಕೆಗೂ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ನಮ್ಮ ಬೇಡಿಕೆ ಸಣ್ಣದು. ಮನೆಗಳಿಂದ ದೂರ ಇರುವ, ಆರ್‌ಸಿಸಿ ಸೂರಿನ ಒಂದು ಖಾಲಿ ಕಟ್ಟಡ ತೋರಿಸಿ. ಉಪಕರಣ ಕೊಡಬೇಡಿ. ಹಾಸಿಗೆ, ಅರ್ಥಿಂಗ್, ಡಕ್ಟಿನ ಖರ್ಚು ತಂಡಗಳೇ ಹಾಕಿಕೊಳ್ಳಲಿ. ಬಾಡಿಗೆ ತಿಂಗಳ ಲೆಕ್ಕದ್ದಾಗಿರಲಿ, ಗಂಟೆ ಲೆಕ್ಕದ್ದು ಬೇಡ. ಒಂದು ತಂಡಕ್ಕೆ ಸತತ ಎರಡು ದಿನ ಬಿಟ್ಟುಕೊಡಿ, ಡ್ರಮ್ಸ್ ಜೋಡಿಸಿ ಶ್ರುತಿ ಮಾಡಲೇ ಎರಡು ಗಂಟೆ ಹೋಗುತ್ತದೆ. ರೂಢಿಯ 11 ತಿಂಗಳ ಕರಾರು ಮಾತ್ರ ಬೇಡ. ಅಷ್ಟಕ್ಕೆ ಯಾರೂ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಮೂರು ವರ್ಷದ ಕರಾರಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕಾಗುತ್ತದೆ, ಆ ಶುಲ್ಕವನ್ನೂ ತಂಡಗಳಿಂದಲೇ ಕಟ್ಟಿಸಿಕೊಳ್ಳಿ.

ಇತಿ,
ಧ್ವನಿ ತಂತ್ರಜ್ಞರು ಮತ್ತು ವಾದಕರ ಪರವಾಗಿ,
ದಾವಣಗೆರೆ